ನಾಲ್ಕು ಕಾರ್ಡಿನ ಪತ್ತು

ಅಭಿಷೇಕನ ಹೆಸರು ಬದಲಿಸಿ ಬರೆ ಎಂದು ಅವ್ವ ಹೇಳಿದಳು. ಬದಲಿಸುವುದಿಲ್ಲ. ನನ್ನ ಅಣ್ಣ ಕುಂಥುನಾಥನ ಹೆಸರು ಅಪ್ಪನ ಹೆಸರಿನ ಸಮೇತ ಮುಂಬೈಯ ಪಟ್ಟಿಯೊಂದರಲ್ಲಿ ಕೂತಿದೆ. ಅಭಿಷೇಕನ ಹೆಸರು ನಮ್ಮ ಯಮಕನಮರಡಿಯ ನಾಲ್ಕು ಜನಕ್ಕೆ ತಿಳಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ.

ನಾನು ಮಯೂರಿ. ಈಗ ಮೂಡಲಗಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಸಾಲದ ಕೌಂಟರಿನಲ್ಲಿ ಕೂರುತ್ತೇನೆ. ವಾರಕ್ಕೊಬ್ಬ ಹುಡುಗನಾದರೂ, ತುಕ್ಕಾನಟ್ಟಿಯವನೋ ಇನ್ನೆಲ್ಲಿಯವನೋ, ಪಾಕೀಟಿನಿಂದ ಹೊಳೆಯುವ ಕಾರ್ಡು ತೆಗೆದು ಕೇಳುತ್ತಾನೆ: "ಅಕ್ಕಾರ, ಇಂಥಾವು ಇನ್ನೊಂದೆರಡು ತಗೊಂಡ್ರ ಪತ್ತು ಬೆಳೀತೈತಿ ಅಂತಾರ, ಖರೇನ್ರಿ?" ಒಂದು ಕಾರ್ಡು ಸಾಕಪ್ಪಾ, ಅದರ ಬಿಲ್ಲು ನಿನ್ನ ಮನೆಗೇ ಬರಲಿ, ಬಂದ ದಿನವೇ ಒಡೆದು ಓದು ಎನ್ನುತ್ತೇನೆ. ಇಷ್ಟು ಹೇಳಿದರೆ ಅವರಿಗೆ ಸಮಾಧಾನವಾಗುವುದಿಲ್ಲ. ಅಣ್ಣನ ಕಥೆ ಶುರು ಮಾಡಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ಅದಕ್ಕೇ ಇದನ್ನು ಬರೆಯಲು ಕೂತೆ.

ಮೊದಲು ನಮ್ಮ ಮನೆಯ ಒಂದು ರೂಢಿ ಹೇಳಬೇಕು. ನಮ್ಮಪ್ಪ ಪಾಯಪ್ಪ ಕೈಯಲ್ಲಿ ದುಡ್ಡಿದ್ದರೂ ಅಂಗಡಿಯಲ್ಲಿ ರೊಕ್ಕ ಕೊಟ್ಟು ಸಾಮಾನು ತರುತ್ತಿರಲಿಲ್ಲ. ಕಿರಾಣಿ, ಅರಿವೆ, ಔಷಧಿ, ಎಲ್ಲ ಉದ್ರಿ. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಬಸದಿಯಲ್ಲಿ ಮಹಾವೀರರ ನಿರ್ವಾಣದ ಲಾಡು ಅರ್ಪಿಸಿ ಬಂದರೆ, ಮರುದಿನ ಪಾಡ್ಯಕ್ಕೆ ಹೊಸ ಧೋತರ ಉಟ್ಟು, ಚೀಲದಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅಂಗಡಿ ಅಂಗಡಿಗೆ ಹೋಗುವುದು. ಇಡೀ ವರ್ಷದ ಬಾಕಿ ಒಂದೇ ಸಲ, ನಿಂತ ಕಾಲಲ್ಲಿ. ಅಂಗಡಿಯವರು ಎಲೆ ಅಡಿಕೆ ಕೊಟ್ಟು, ಹೊಸ ಹಾಳೆಗೆ ಅರಿಷಿಣ ಕುಂಕುಮ ಹಚ್ಚಿ, ಅಪ್ಪನ ಹೆಸರು ಬರೆಯುತ್ತಿದ್ದರು. ನಡುವೆ ತುಸು ತುಸು ಕೊಡುವುದೆಂದರೆ ಅಪ್ಪನಿಗೆ ಮೈಯುರಿ. "ಒಂದ ವರ್ಷ ತಡ್ಯಾಕ ಆಗಲಾರದ ಮನಿತಾನೇನು ನಮ್ದು?" ಎನ್ನುತ್ತಿದ್ದ. ನಡುವೆ ಕೇಳುವ ಅಂಗಡಿಯವನ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ. ಇದಕ್ಕೇ ನಮ್ಮ ಕಡೆ ಪತ್ತು ಅನ್ನುತ್ತಾರೆ. ನಿಮ್ಮನ್ನು ನಂಬಿ ಜನ ಎಷ್ಟು ದಿನ ಬಾಯಿ ಮುಚ್ಚಿಕೊಂಡು ಇರುತ್ತಾರೋ ಅದು ನಿಮ್ಮ ಪತ್ತು.

ಅಪ್ಪನ ದೊಡ್ಡ ಉದ್ರಿ ಇದ್ದದ್ದು ಮುರಿಗೆಪ್ಪ ಕಾಕಾನ ಕಿರಾಣಿ ಅಂಗಡಿಯಲ್ಲಿ. ಅಭಿಷೇಕ ಆ ಮುರಿಗೆಪ್ಪನ ಮಗ. ಅಣ್ಣನೂ ಅವನೂ ಒಂದನೆಯ ಇಯತ್ತೆಯಿಂದ ಹತ್ತನೆಯದರ ತನಕ ಒಂದೇ ಬೆಂಚು. ಪ್ರತಿ ಪಾಡ್ಯಕ್ಕೆ ನಮ್ಮಪ್ಪ ಎಣಿಸಿಕೊಟ್ಟ ನೋಟುಗಳನ್ನು ಅವನು ಗಲ್ಲಾದ ಬಾಜೂ ನಿಂತು ನೋಡಿದವನು. ಇದನ್ನು ಓದುವವರು ಮರೆಯಬಾರದು, ನಾನಂತೂ ಮರೆತಿಲ್ಲ.

ಅಣ್ಣ ಹದಿನೇಳಕ್ಕೇ ಗೋಕಾಕದ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದ. ಓದಿನಲ್ಲಿ ಅಷ್ಟಕ್ಕಷ್ಟೇ. ಆದರೆ ಸವೆದ ಬೇರಿಂಗು ಕೈಗೆ ಕೊಟ್ಟರೆ ಬೆರಳಲ್ಲಿ ತಿರುಗಿಸಿಯೇ ಯಾವ ಗಾಡಿಯದು, ಎಷ್ಟು ದಿನ ತಾಳುತ್ತದೆ ಎಂದು ಹೇಳುತ್ತಿದ್ದ. ಮಾಲಕ ಊಟಕ್ಕೆ ಹೋದಾಗ ಗಿರಾಕಿಗಳು ಅಣ್ಣನನ್ನೇ ಕೇಳಬೇಕೆಂದು ಬರುತ್ತಿದ್ದರು. ನಾನು ಗೋಕಾಕದ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದುದರಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗಿ ಬರುತ್ತಿದ್ದೆವು. ದಾರಿಯುದ್ದಕ್ಕೂ ಅವನದು ಒಂದೇ ಮಾತು, ಹೆದ್ದಾರಿಯ ಮೇಲಿನ ರಾಜಪ್ಪನವರ ಗಾಳೆ, ಅಂದರೆ ಬಾಡಿಗೆಗಿದ್ದ ಖಾಲಿ ಮಳಿಗೆ. ನಾಲ್ಕು ಪಥದ ರಸ್ತೆಯಾದ ಮೇಲೆ ಲಾರಿಗಳು ಅಲ್ಲಿಯೇ ನಿಲ್ಲುತ್ತಿದ್ದವು. ಬಾಜೂ ಪಂಕ್ಚರ್ ಅಂಗಡಿಯೂ ಇತ್ತು. ಅಲ್ಲೊಂದು ಸ್ವಂತ ಬಿಡಿಭಾಗದ ಅಂಗಡಿ ಹಾಕಿದರೆ ಬಾಗಿಲು ಹಾಕಲು ಪುರುಸೊತ್ತು ಸಿಗುವುದಿಲ್ಲ ಎಂದು ಅವನ ಲೆಕ್ಕ. ಲೆಕ್ಕ ತಪ್ಪಿರಲಿಲ್ಲ.

ಡಿಪಾಜಿಟ್ಟು, ಮಾಲು ಎಲ್ಲ ಸೇರಿ ಒಂದೂವರೆ ಲಕ್ಷ ಬೇಕಿತ್ತು. ೨೦೦೬ರ ಫೆಬ್ರುವರಿಯಲ್ಲಿ ಹುಕ್ಕೇರಿಯ ಬ್ಯಾಂಕಿಗೆ ಹೋದ. ನಾನೂ ಜೊತೆಗಿದ್ದೆ. ಮ್ಯಾನೇಜರ್ ಸಾಹೇಬರು ಒಳ್ಳೆಯವರು, ಚಹಾ ತರಿಸಿದರು.

"ನಿಮ್ಮ ಅಪ್ಪಾರ ಪತ್ತು ಭಾಳ ಐತ್ರಿ. ಆದ್ರ ಸಾಲ ಕೇಳಾಕತ್ತಾವ್ರು ನೀವು. ನಿಮ್ಮ ಹೆಸರಿನ್ಯಾಗ ಏನೂ ಇಲ್ಲ. ಇಲ್ಲೊಂದು ಖಾತೆ ತಗದು, ಒಂದ ವರ್ಷ ಸರಿಯಾಗಿ ನಡಸ್ರಿ. ಆಮ್ಯಾಲ ಅಪ್ಪಾರ ಜಾಮೀನಿನ ಮ್ಯಾಲ ಕೊಡೂಣು."

ಒಂದು ವರ್ಷ. ಅಣ್ಣ ಅವತ್ತೇ ಖಾತೆ ತೆಗೆದ. ರಾಜಪ್ಪನವರ ಬಳಿ ಹೋಗಿ ಹೇಳಿದ್ದಕ್ಕೆ ಅವರು, "ಬರೂ ವರ್ಷದ ಹೋಳಿ ಹುಣ್ಣವಿ ತನಕಾ ತಡೀತೇನಿ ತಮ್ಮಾ, ಅದರ ಮುಂದ ಒಂದ ದಿನಾನೂ ಇಲ್ಲ" ಎಂದರು. ಎಲ್ಲ ನೆಟ್ಟಗಿತ್ತು. ಏನೂ ಮಾಡದೆ ಸುಮ್ಮನೆ ಹನ್ನೆರಡು ತಿಂಗಳು ಕೂತಿದ್ದರೂ ಸಾಕಿತ್ತು.

ಆದರೆ ಅದೇ ವಾರ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಅಭಿಷೇಕ ಸಿಕ್ಕ. ಬೆಳಗಾವಿಯಲ್ಲಿ ನೌಕರಿ ಅಂತ ಗೊತ್ತಿತ್ತು, ಏನು ನೌಕರಿ ಅಂತ ಗೊತ್ತಿರಲಿಲ್ಲ. ಕೊರಳಿಗೆ ಟೈ, ಹೆಗಲಿಗೆ ಕರಿ ಚೀಲ. ಚಹಾ ಕುಡಿಯುತ್ತ ಅಣ್ಣ ಬ್ಯಾಂಕಿನ ಮಾತು ತೆಗೆದದ್ದೇ ತಡ, ಅಭಿಷೇಕ ತೊಡೆ ತಟ್ಟಿದ.

"ಲೇ ಕುಂಥ್ಯಾ, ಒಂದ ವರ್ಷ ಸುಮ್ನ ಕುಂತ್ರ ಪತ್ತು ಹ್ಯಾಂಗ ಹುಟ್ಟತೈತಿ? ಕ್ರೆಡಿಟ್ ಕಾರ್ಡ್ ತಗೋ. ಇದೂ ಉದ್ರಿನ. ನಿಮ್ಮಪ್ಪ ಹತ್ತ ಅಂಗಡ್ಯಾಗ ಉದ್ರಿ ಇಟ್ಟದ್ದಕ್ಕ ದೊಡ್ಡ ಮನಶಾ ಆದಾ, ಹೌದಿಲ್ಲೋ? ಎಷ್ಟ ಕಾರ್ಡ್, ಅಷ್ಟ ಪತ್ತು."

ಅಣ್ಣ ನನ್ನ ಮುಖ ನೋಡಿದ. ಮನೆಯಲ್ಲಿ ಕಾಮರ್ಸ್ ಓದಿದವಳು ನಾನೊಬ್ಬಳೇ. ನಮ್ಮ ಲೆಕ್ಚರರು ಹಿಂದಿನ ವಾರವಷ್ಟೇ ಕ್ರೆಡಿಟ್ ಹಿಸ್ಟರಿಯ ಬಗ್ಗೆ ಅರ್ಧ ತಾಸು ಪಾಠ ಮಾಡಿದ್ದರು. ಆ ಅರ್ಧ ತಾಸನ್ನು ತಲೆಯ ಮೇಲೆ ಹೊತ್ತುಕೊಂಡು, "ಖರೇ ಅಣ್ಣಾ, ತಗೋ. ದೊಡ್ಡ ದೊಡ್ಡ ಊರಾಗ ಹಂಗ ಮಾಡ್ತಾರ" ಎಂದೆ. ಯಾರೂ ನನ್ನ ಬಾಯಿ ಹಿಡಿದು ಹೇಳಿಸಲಿಲ್ಲ. ನಾನೇ ಅಂದೆ.

ಅಭಿಷೇಕ ಫಾರಂ ಬಿಚ್ಚಿ, ಎಲ್ಲೆಲ್ಲಿ ಸಹಿ ಬೇಕೋ ಅಲ್ಲಿ ಪೆನ್ಸಿಲಿನ ಗುರುತು ಹಾಕಿದ. ಮಿಕ್ಕದ್ದನ್ನು ತಾನೇ ತುಂಬುತ್ತೇನೆಂದ. ಐದು ಸಾವಿರದ ಪಗಾರವನ್ನು ಒಂಬತ್ತು ಸಾವಿರ ಎಂದು ಬರೆದನೆಂದು ಆಮೇಲೆ ಗೊತ್ತಾಯಿತು. ಯಮಕನಮರಡಿಗೆ ಕಾರ್ಡಿನ ಕೊರಿಯರ್ ಬರುವುದಿಲ್ಲವೆಂದು ಬೆಳಗಾವಿಯ ತನ್ನ ರೂಮಿನ ವಿಳಾಸ ಹಾಕಿದ. ಅಣ್ಣನ ಹತ್ತಿರ ಆಗ ಮೊಬೈಲ್ ಇರಲಿಲ್ಲ, ನಮ್ಮ ಮನೆಯ ಫೋನು ವಾರದಲ್ಲಿ ಮೂರು ದಿನ ಸತ್ತಿರುತ್ತಿತ್ತು, ಹಾಗಾಗಿ ನಂಬರೂ ಅವನದೇ.

ಸಹಿ ಮಾಡುವ ಮುಂಚೆ ಅಣ್ಣ ಒಂದೇ ಒಂದು ಪ್ರಶ್ನೆ ಕೇಳಿದ. "ತುಂಬೂದು ಹ್ಯಾಂಗ? ನಮ್ಮ ಪದ್ಧತಿ ನಿನಗ ಗೊತ್ತಲಾ, ನಾವು ಪಾಡ್ಯಕ್ಕ ಒಮ್ಮೆಲೆ ಕೊಡಾವ್ರು."

ಅಭಿಷೇಕ ಚಹಾದ ಕಪ್ಪು ಕೆಳಗಿಟ್ಟ. ಕರ್ಚೀಫಿನಿಂದ ತುಟಿ ಒರೆಸಿಕೊಂಡ. "ಪಾಡ್ಯಕ್ಕ ತುಂಬು. ಏನ್ ಅಡ್ಡಿಲ್ಲ" ಎಂದ.

ನಂಬಿಸಿ ಕುತ್ತಿಗೆ ಕೊಯ್ಯುವುದು ಎಂದರೆ ಕತ್ತಿ ಬೇಕು ಎಂದುಕೊಂಡಿದ್ದೆ ನಾನು. ಅವನು ಚಹಾದ ಬಿಲ್ಲನ್ನೂ ಕೊಟ್ಟ.

ಮೊದಲ ಕಾರ್ಡು ಬಂತು. ಅಣ್ಣ ಅದರಲ್ಲಿ ಒಂದು ಅಂಗಿಯನ್ನೂ ಕೊಳ್ಳಲಿಲ್ಲ. ಬೆಳಗಾವಿಯ ಹೋಲ್‌ಸೇಲ್ ಅಂಗಡಿಯಲ್ಲಿ ಆಯಿಲ್ ಫಿಲ್ಟರು, ಫ್ಯಾನ್ ಬೆಲ್ಟು, ಬೇರಿಂಗು ತಂದು ನಮ್ಮ ಜೋಳದ ಕೋಣೆಯಲ್ಲಿ ಪೇರಿಸಿದ. ರಜೆಯ ದಿನ ಹೆದ್ದಾರಿಯ ಮೆಕ್ಯಾನಿಕ್ಕರಿಗೆ ಅವನ್ನೇ ಮಾರುತ್ತಿದ್ದ. ಬಂದ ರೊಕ್ಕ, ಜೊತೆಗೆ ತನ್ನ ಪಗಾರದಲ್ಲಿ ಉಳಿದದ್ದು, ಎಲ್ಲ ಒಂದು ಸ್ಟೀಲ್ ಡಬ್ಬಿಗೆ ಹೋಗುತ್ತಿತ್ತು. ಕಾರ್ಡಿನಲ್ಲಿ ಎಷ್ಟು ಉಜ್ಜಿದನೋ ಅಷ್ಟು ಡಬ್ಬಿಯಲ್ಲಿ ಇರಲೇಬೇಕು, ಪಾಡ್ಯಕ್ಕೆ ತೆಗೆಯಬೇಕು. "ಕೋಣಿ ತುಂಬಾ ಗ್ರೀಸ್ ವಾಸನಿ, ರೊಟ್ಟಿಗೂ ಅದ ಹತ್ತೇತಿ" ಎಂದು ಅವ್ವ ಸುಂದರಾಬಾಯಿ ಬೈಯುತ್ತಿದ್ದಳು. ಬೈಯುತ್ತಲೇ ಬೆಲ್ಟುಗಳಿಗೆ ಇಲಿ ಹತ್ತದಂತೆ ಚೀಲ ಹೊದಿಸುತ್ತಿದ್ದಳು.

ಮೂರು ತಿಂಗಳಿಗೆ ಕಾರ್ಡು ನಡೆಯದಾಯಿತು. ಅಭಿಷೇಕನಿಗೆ ಫೋನು ಮಾಡಿದರೆ, "ಮಶೀನಿಂದ ಏನೋ ಲಫಡಾ. ತಡೀ, ಬ್ಯಾರೆ ಬ್ಯಾಂಕಿಂದು ಕೊಡಸ್ತೇನಿ. ಒಂದು ಕಾರ್ಡ್ ಇದ್ರ ಅದರ ಝೆರಾಕ್ಸ್ ಮ್ಯಾಲ ಇನ್ನೊಂದು ಸಿಗತೈತಿ" ಎಂದ. ಎರಡನೆಯದು ಬಂತು. ಅದೂ ನಿಂತಿತು, ಮೂರನೆಯದು ಬಂತು. ನಾಲ್ಕನೆಯದಕ್ಕೆ ಅಣ್ಣ ತುಸು ಅನುಮಾನಿಸಿದ. "ಇಷ್ಟ್ಯಾಕಲೇ?" ಎಂದು ಅವನು ಕೇಳಿದರೆ ಅಭಿಷೇಕನಿಗಿಂತ ಮುಂಚೆ ನಾನೇ ಉತ್ತರ ಕೊಟ್ಟೆ. "ಹೆಚ್ಚಿದ್ದಷ್ಟು ಛಲೋ ಅಣ್ಣಾ." ನನ್ನ ಬಿ.ಕಾಂ.ಗೆ ಬೆಂಕಿ ಹಾಕಲಿ.

ಆ ವರ್ಷದ ಪಾಡ್ಯ ಬಂತು. ಬ್ಯಾಂಕುಗಳಿಗೆ ರಜೆ ಇದ್ದುದರಿಂದ ಮರುದಿನ ಇಬ್ಬರೂ ಬೆಳಗಾವಿಗೆ ಹೊರಟೆವು. ಅಣ್ಣ ಹೊಸ ಅಂಗಿ ಹಾಕಿದ್ದ. ಕರವಸ್ತ್ರದಲ್ಲಿ ನಲವತ್ತೆಂಟು ಸಾವಿರ, ಒಂದು ಪೈಸೆ ಕಮ್ಮಿಯಿಲ್ಲ. ಕೈಚೀಲದಲ್ಲಿ ನಾಲ್ಕು ತೆಂಗಿನಕಾಯಿ. ಬ್ಯಾಂಕಿಗೆ ಯಾರಾದರೂ ಕಾಯಿ ಒಯ್ಯುತ್ತಾರಾ ಎಂದು ನಾನು ನಗಾಡಿದೆ. "ವರ್ಷಗಟ್ಟಲೆ ನಂಬಿ ಬಾಯಿ ಮುಚ್ಚಿಕೊಂಡ ಕುಂತಾರ, ಒಂದ ಕಾಯಿ ಹೆಚ್ಚಾತೇನು?" ಎಂದ.

ಮೊದಲ ಬ್ಯಾಂಕಿನ ಕೌಂಟರಿನಲ್ಲಿ ನನ್ನ ವಯಸ್ಸಿನ ಹುಡುಗಿ. ಅಣ್ಣ ಕಾರ್ಡಿನ ಜೊತೆ ಕಾಯಿಯನ್ನೂ ಮುಂದಿಟ್ಟ. ಅವಳು ಕಾಯಿ ನೋಡಿ ನಗಲು ಹೋಗಿ, ಕಂಪ್ಯೂಟರ್ ನೋಡಿ ಸುಮ್ಮನಾದಳು.

"ಸರ್, ಕಾರ್ಡ್ ಬಂದಾಗಿಂದ ಒಂದ ರೂಪಾಯಿನೂ ತುಂಬಿಲ್ರಿ ನೀವು. ಕಾರ್ಡ್ ಬಂದ್ ಮಾಡಿ ಐದ ತಿಂಗಳಾತು."

"ಪಾಡ್ಯ ನಿನ್ನೆ ಆಗೇತಲ್ರಿ" ಎಂದ ಅಣ್ಣ.

ಅವಳಿಗೆ ಅರ್ಥವಾಗಲಿಲ್ಲ. ಪಾಪ, ಮತ್ತೊಮ್ಮೆ ಹೇಳಿದಳು. ಪ್ರತಿ ತಿಂಗಳೂ ಬಿಲ್ಲು ಕಳಿಸಿದ್ದಾರೆ. ತಿಂಗಳಿಗೆ ನೂರಕ್ಕೆ ಸುಮಾರು ಮೂರರಂತೆ ಬಡ್ಡಿ, ತಡವಾದ ಪ್ರತಿ ತಿಂಗಳಿಗೂ ದಂಡ ಬೇರೆ. ಹತ್ತಾರು ಸಲ ಫೋನು ಮಾಡಿದ್ದಾರೆ, ಪ್ರತಿ ಸಲವೂ ಯಾರೋ ಎತ್ತಿಕೊಂಡು "ತುಂಬ್ತೇನ್ರಿ" ಎಂದಿದ್ದಾರೆ. ಯಾವ ನಂಬರು ಎಂದು ನಾನು ಕೇಳಿದೆ. ಅವಳು ಓದಿದಳು. ನನಗೆ ಬಾಯಿಪಾಠವಿದ್ದ ನಂಬರು.

ಮಧ್ಯಾಹ್ನದೊಳಗೆ ನಾಲ್ಕೂ ಬ್ಯಾಂಕು ಮುಗಿದವು. ನಲವತ್ತೆಂಟು ಸಾವಿರ ಅರವತ್ತಾರು ಸಾವಿರವಾಗಿತ್ತು. ತಂದ ದುಡ್ಡನ್ನು ಹಂಚಿ ಕಟ್ಟಿ, ಮಿಕ್ಕದ್ದಕ್ಕೆ ವಾಯಿದೆ ಕೇಳಿದೆವು. ಅಣ್ಣ ಇನ್ನೂ ಗೆಳೆಯನ ಪರವಾಗಿಯೇ ಇದ್ದ. "ಅಂವಗೂ ಗೊತ್ತಿರಾಕಿಲ್ಲ ಮಯೂರಿ. ಬಿಲ್ಲು ಎಲ್ಲೋ ಟಪಾಲಿನ್ಯಾಗ ಕಳದಿರಬೇಕು. ಫೋನಿನ್ಯಾಗ ಏನೋ ಗಡಬಡ ಆಗಿರಬೇಕು." ದಾರಿಯುದ್ದಕ್ಕೂ ಇದೇ ಜಪ.

ಶಹಾಪುರದ ಅವನ ರೂಮಿನ ಬಾಗಿಲು ತೆರೆದೇ ಇತ್ತು. ಅಭಿಷೇಕ ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ. ನಮ್ಮನ್ನು ಕಂಡು, "ಬಾರಲೇ, ಬಾ ತಂಗಿ" ಎಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದ. ಗೋಡೆಯ ಮಾಡದಲ್ಲಿ ಲಕೋಟೆಗಳ ಕಟ್ಟು ಕಾಣುತ್ತಿತ್ತು. ಬಚ್ಚಿಟ್ಟಿರಲೂ ಇಲ್ಲ. ಅಣ್ಣ ಹೋಗಿ ಎತ್ತಿಕೊಂಡ. ರಬ್ಬರ್ ಹಾಕಿ, ಬ್ಯಾಂಕಿನ ಪ್ರಕಾರ ಬೇರೆ ಬೇರೆ ಜೋಡಿಸಿ ಇಟ್ಟಿದ್ದವು, ಎಲ್ಲವೂ ಅಣ್ಣನ ಹೆಸರಿನವು. ಪ್ರತಿಯೊಂದನ್ನೂ ಬ್ಲೇಡಿನಿಂದ ನೀಟಾಗಿ ಒಡೆಯಲಾಗಿತ್ತು.

ಅಣ್ಣ ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡಿದ. ಒಡೆಯದ ಲಕೋಟೆ ಒಂದಾದರೂ ಸಿಗಲಿ ಎಂದು ಹುಡುಕುತ್ತಿದ್ದನೆಂದು ನನಗೆ ಆಮೇಲೆ ಹೊಳೆಯಿತು.

"ಓದೀಯೇನು?"

"ಹೂಂ."

"ಎಲ್ಲಾ?"

ಅಭಿಷೇಕ ಹಾಸಿಗೆಯ ಮೇಲೆ ಕೂತ. "ನೋಡ ದೋಸ್ತ, ಆರ ತಿಂಗಳದ ಒಳಗ ಕಾರ್ಡ್ ವಾಪಸ್ ಬಂತಂದ್ರ ನನಗ ಕೊಟ್ಟ ಕಮಿಷನ್ ತಿರುಗಿ ಕಡೀತಾರ. ನಾ ಹೇಳಿದ್ರ ನೀ ಅವತ್ತ ರೊಕ್ಕಾ ತುಂಬಿ, ಅವತ್ತ ಕಾರ್ಡ್ ವಾಪಸ್ ಒಗೀತಿದ್ದಿ. ನಿನ್ನ ಸ್ವಭಾವ ನನಗ ಗೊತ್ತಿಲ್ಲೇನು?"

"ಒಂದ ಕಾರ್ಡಿಗೆ ಎಷ್ಟ?"

"ನಾಕನೂರಾ ಐವತ್ತು."

ನಾಲ್ಕು ಕಾರ್ಡಿಗೆ ಸಾವಿರದೆಂಟುನೂರು. ಹತ್ತು ವರ್ಷದ ಬೆಂಚಿಗೆ ಸಾವಿರದೆಂಟುನೂರು. ಕೇಳಿದ್ದರೆ ಅಣ್ಣ ಅದನ್ನು ಜೇಬಿನಿಂದಲೇ ತೆಗೆದು ಕೊಡುತ್ತಿದ್ದ, ವಾಪಸ್ಸೂ ಕೇಳುತ್ತಿರಲಿಲ್ಲ.

"ಬೆಳಗಾಂವ್ಯಾಗ ಲಕ್ಷಾಂತರ ಮಂದಿ ಅದಾರ. ನನ್ನ ಹತ್ರ ಯಾಕ ಬಂದಿ?" ಅಣ್ಣನ ದನಿ ಏರಿರಲಿಲ್ಲ.

"ಗುರುತಿಲ್ಲದ ಮಂದಿ ನೂರಾ ಎಂಟು ಕೇಳ್ತಾರಲೇ. ಬಡ್ಡಿ ಎಷ್ಟು, ತಾರೀಖ ಯಾವುದು, ದಂಡ ಏನು. ನೀ ಏನೂ ಕೇಳೂದಿಲ್ಲ. ಅದಕ್ಕ."

ಅವನು ಅದನ್ನು ಕೆಟ್ಟತನದಿಂದ ಹೇಳಲಿಲ್ಲ, ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದ. ಅದೇ ನನಗೆ ತಡೆಯಲಾಗಲಿಲ್ಲ. ಅವ್ವ ಕೇಳಿದ್ದರೆ ನಾಲಿಗೆಗೆ ಬರೆ ಹಾಕುವಂಥ ಮಾತಾಡಿದೆ. ಓಣಿಯವರು ಬಾಗಿಲಿಗೆ ಬಂದು ನಿಂತರು. ಅಣ್ಣ ನನ್ನ ರಟ್ಟೆ ಹಿಡಿದು ಹೊರಗೆ ತಂದ.

ವಿಷಯ ಕೇಳಿ ಅಪ್ಪ ಕೂಗಾಡಲಿಲ್ಲ. "ಪಾಡ್ಯದ ಸುದ್ದಿ ಅಂವಗ ಗೊತ್ತಿತ್ತಲಾ" ಎಂದಷ್ಟೇ ಎಂದ. ಒಂದು ವಾರ ಬಿಟ್ಟು ಮತ್ತೊಮ್ಮೆ ಅದನ್ನೇ ಎಂದ. ಅಣ್ಣ ಜೋಳದ ಕೋಣೆಯಲ್ಲಿ ಉಳಿದಿದ್ದ ಮಾಲನ್ನೆಲ್ಲ ಸಿಕ್ಕ ಬೆಲೆಗೆ ಮಾರಿ, ಸಂಕ್ರಾಂತಿಯೊಳಗೆ ನಾಲ್ಕೂ ಬ್ಯಾಂಕಿನ ಬಾಕಿ ತೀರಿಸಿ ಚೀಟಿ ತಂದ. ದುಡ್ಡು ಹೋಯಿತು, ಹೋಗಲಿ, ಗಾಳೆ ಇದೆಯಲ್ಲ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡೆವು. ಹುಕ್ಕೇರಿಯ ಖಾತೆಯನ್ನು ಅವನು ಒಂದು ದಿನವೂ ತಪ್ಪಿಸದೆ ನಡೆಸಿದ್ದ.

ವರ್ಷ ತುಂಬಿದ ವಾರವೇ ಹುಕ್ಕೇರಿಗೆ ಹೋದೆವು, ಅಪ್ಪನ ಜಾಮೀನು ಪತ್ರ ಹಿಡಿದುಕೊಂಡು. ಮ್ಯಾನೇಜರ್ ಸಾಹೇಬರು ಈ ಸಲವೂ ಚಹಾ ಹೇಳಿದರು. ಆಮೇಲೆ ಮುಂಬೈಯಿಂದ ತರಿಸಿದ ಒಂದು ಹಾಳೆಯನ್ನು ನಮ್ಮ ಕಡೆ ತಿರುಗಿಸಿದರು. ಸಾಲ ಕೊಡುವ ಬ್ಯಾಂಕುಗಳೆಲ್ಲ ಈಗ ತಮ್ಮ ಗಿರಾಕಿಗಳ ಹೆಸರು ಒಂದೇ ಕಡೆ ಕೊಡುತ್ತವಂತೆ. ಅಣ್ಣನ ಹೆಸರು ಅದರಲ್ಲಿ ನಾಲ್ಕು ಸಲ ಇತ್ತು.

"ಎಲ್ಲಾ ತುಂಬೇನಲ್ರಿ ಸಾಹೇಬರ" ಎಂದ ಅಣ್ಣ, ಚೀಟಿಗಳನ್ನು ಹರವುತ್ತ.

"ತುಂಬೀರಿ, ಇಲ್ಲನ್ನೂದಿಲ್ಲ. ತಿಂಗಳಾನುಗಟ್ಟಲೆ ತಡಾ ಮಾಡಿ ತುಂಬೀರಿ ಅಂತ ಬರದೈತ್ರಿ. ಅದು ವರ್ಷಾನುಗಟ್ಟಲೆ ಅಳಸೂದಿಲ್ಲ." ಅವರು ಕನ್ನಡಕ ತೆಗೆದರು. "ಹ್ವಾದ ವರ್ಷ ನಿಮ್ಮ ಹೆಸರಿನ್ಯಾಗ ಪತ್ತು ಇರಲಿಲ್ಲ, ಅಷ್ಟ. ಇಲ್ಲದವ್ರಿಗೆ ನಾ ಕೊಡಬಹುದು. ಕೆಟ್ಟವ್ರಿಗೆ ಕೊಟ್ರ ನನ್ನ ನೌಕರಿ ಹೋಗತೈತ್ರಿ. ಇವ್ಯಾವೂ ಕಾರ್ಡ್ ತಗೊಳ್ಳದ ಸುಮ್ನ ಬಂದಿದ್ರ, ಇವತ್ತ ಸಹಿ ಮಾಡ್ತಿದ್ನಿ."

ಅಣ್ಣ ಚೀಟಿಗಳನ್ನು ಒಂದೊಂದಾಗಿ ಮಡಚಿ ಜೇಬಿಗಿಟ್ಟುಕೊಂಡ. ಸಾಹೇಬರಿಗೆ ಕೈ ಮುಗಿದ.

ಯಮಕನಮರಡಿಯಲ್ಲಿ ಇಳಿದವನು ಮನೆಗೆ ಹೋಗದೆ ನೇರ ರಾಜಪ್ಪನವರ ಬಳಿ ಹೋಗಿ, ಗಾಳೆ ಬೇರೆಯವರಿಗೆ ಕೊಡಿರಿ ಎಂದ. ಹೋಳಿ ಹುಣ್ಣಿಮೆಗೆ ಇನ್ನೂ ಹತ್ತು ದಿನ ಇತ್ತು. ರಾಜಪ್ಪನವರು ಬೇಕಾದರೆ ಇನ್ನೊಂದು ತಿಂಗಳು ತಡೆಯುತ್ತೇನೆಂದರು. "ಬ್ಯಾಡ್ರಿ, ತಿಂಗಳದಾಗ ಆಗೂದಲ್ಲ" ಎಂದ. ಆಮೇಲೆ ಪಂಕ್ಚರ್ ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತುಬಿಟ್ಟ. ನಾನೂ ಕೂತೆ. ಒಂದು ಲಾರಿ ಬಂದು ನಿಂತು, ಡ್ರೈವರ್ ಕೆಳಗಿಳಿದು, ಇಲ್ಲೆಲ್ಲಾದರೂ ಫ್ಯಾನ್ ಬೆಲ್ಟು ಸಿಗುತ್ತದಾ ಎಂದು ಕೇಳಿದ. ಇಲ್ಲ, ಸಂಕೇಶ್ವರಕ್ಕೆ ಹೋಗಬೇಕು ಎಂದು ಅಣ್ಣನೇ ಹೇಳಿದ.

ಲಾರಿ ಹೋಯಿತು. ನಾನು ಏನಾದರೂ ಹೇಳಬೇಕೆಂದು, ಅಭಿಷೇಕನನ್ನು ಬೈದೆ. ನಿನ್ನಂಥವನಿಗೆ ಮೋಸ ಮಾಡಿದವನಿಗೆ ಒಳ್ಳೆಯದಾಗುವುದಿಲ್ಲ ಅಂದೆ. ಅಣ್ಣ ಬಹಳ ಹೊತ್ತು ನನ್ನನ್ನೇ ನೋಡಿದ. ಕೌಂಟರಿಗೆ ಬಂದ ಹೊಸ ಗಿರಾಕಿಯನ್ನು ನೋಡುವ ನೋಟ ಅದು.

"ನಾಕೂ ಸಲ ತಗೋ ತಗೋ ಅಂದಾಕಿ ನೀನು" ಎಂದ. "ನಿನಗ ಎಷ್ಟ ಕೊಟ್ಟಿದ್ದ ಅಂವ?"

ಒಂದು ಪೈಸೆಯೂ ಇಲ್ಲ ಅಣ್ಣಾ ಎಂದೆ. ಅವ್ವನ ಆಣೆ, ಬಸದಿಯ ಆಣೆ ಎಂದೆ. ಅವನು ಆಗಲಿ ಎನ್ನುವಂತೆ ತಲೆಯಾಡಿಸಿ ಎದ್ದು ನಿಂತ. ನಂಬಲಿಲ್ಲ.